ಕರೆಂಟ್ ಇದ್ರೂ ಇನ್ವರ್ಟರ್ ಬ್ಯಾಟರಿ ಮ್ಯಾಲೆ ಓಡಾಕತ್ತೈತೇನ್ರಿ? ಹೈ ವೋಲ್ಟೇಜ್ ಹುಡುಕೂದು, ಸಾಮಾನ ಉಳಸೂದು

ನಮ್ಮ ಕಡೆ ಇನ್ವರ್ಟರ್ ರಿಪೇರಿ ಮಾಡೂರ ಹತ್ರ ಒಂದು ಕಂಪ್ಲೇಂಟ್ ಹೊಳ್ಳಿ ಹೊಳ್ಳಿ ಬರ್ತೈತಿ. "ರಾತ್ರಿ ಕರೆಂಟ್ ಹೋಗೇ ಇಲ್ರಿ, ಓಣ್ಯಾಗಿನ ಲೈಟ್ ಎಲ್ಲಾ ಉರಿಯಾಕತ್ತಿದ್ವು, ಆದ್ರೂ ನಸುಕಿನ್ಯಾಗ ನಮ್ಮ ಇನ್ವರ್ಟರ್ ಕುಂಯ್ ಕುಂಯ್ ಅಂತ ಒದರಿ ಬಂದ್ ಆತು, ಬ್ಯಾಟರಿ ಪೂರಾ ಖಾಲಿ." ಇದನ್ನ ಕೇಳಿದ ಕೂಡ್ಲೆ ಬ್ಯಾಟರಿ ಹೋಗೈತಿ ಅಂತ ಹೇಳಿ ಹೊಸಾದು ಹಾಕಿಸಿ ಬಿಡ್ತಾರ, ಸಾವಿರಗಟ್ಟಲೆ ರೊಕ್ಕ ಹೋಗ್ತೈತಿ, ಸ್ವಲ್ಪ ದಿನಕ್ಕ ಮತ್ತ ಅದ ಹಣೇಬರ. ಇಂಥಾ ಕಡೆ ಮೊದಲು ಸಂಶಯ ಪಡಬೇಕಾದ್ದು ಮೇನ್ ಲೈನ್ ವೋಲ್ಟೇಜ್ ಮ್ಯಾಲೆ. ಅದು ಇನ್ವರ್ಟರ್ ಒಪ್ಪೂ ಗೆರಿ ದಾಟಿ ಮ್ಯಾಲೆ ಹೋದ್ರ ಇನ್ವರ್ಟರ್ ಅದನ್ನ ಕರೆಂಟ್ ಇಲ್ಲ ಅಂತನ ಲೆಕ್ಕಾ ಹಿಡಿತೈತಿ, ಲೋಡ್ ಎಲ್ಲಾ ಬ್ಯಾಟರಿ ಮ್ಯಾಲೆ ಹಾಕ್ತೈತಿ, ಮತ್ತ ವೋಲ್ಟೇಜ್ ಇಳಿಯೂ ತನಕ ಚಾರ್ಜಿಂಗೂ ಬಂದ್.

ಇನ್ನೊಂದು ಕಂಪ್ಲೇಂಟ್ ಇದರ ಪೂರಾ ಉಲ್ಟಾ. "ಇನ್ವರ್ಟರ್ ಲೈನಿಗೇ ಟಿವಿ ಹಾಕಿದ್ವಿ, ಆದ್ರೂ ಸುಟ್ಟು ಹೋತು, ಮತ್ತ ಇನ್ವರ್ಟರ್ ಯಾಕ ಬೇಕು?" ಎರಡಕ್ಕೂ ಬುಡ ಒಂದ. ಇನ್ವರ್ಟರ್ ಹೈ ವೋಲ್ಟೇಜ್‌ನಿಂದ ಸಾಮಾನ ಉಳಸ್ತೈತಿ, ಖರೇ, ಆದ್ರ ಯಾವ ವೋಲ್ಟೇಜಿಗೆ ಕಟ್ ಆಗ್ತೈತಿ, ಎಷ್ಟೊತ್ತು ತಡಿತೈತಿ, ಯಾವ ಥರದ ಹೈ ವೋಲ್ಟೇಜಿಗೆ ನಡಿತೈತಿ, ಇಷ್ಟು ಗೊತ್ತಿಲ್ದ ಅದನ್ನ ನಂಬಿ ಕುಂತ್ರ ಒಂದಿಲ್ಲೊಂದು ದಿನ ಫ್ರಿಜ್ಜೋ ಟಿವಿನೋ ಹೋಗ್ತೈತಿ.

ಇನ್ವರ್ಟರ್ ಒಳಗ ಏನ್ ನಡಿತೈತಿ

ಮನ್ಯಾಗ ಇರೂ ಸಾದಾ ಇನ್ವರ್ಟರ್ ಕರೆಂಟ್ ಇದ್ದಾಗ ಏನೂ ತಯಾರ ಮಾಡೂದಿಲ್ಲ. ಮೇನ್‌ನಿಂದ ಬಂದ ಕರೆಂಟ್ ಅದರೊಳಗಿನ ರಿಲೇ (ತಾನ ಹಚ್ಚಿ ಬಿಡೂ ಸ್ವಿಚ್) ದಾಟಿ ನೇರ ಫ್ಯಾನ್, ಲೈಟ್, ಟಿವಿಗೆ ಹೋಗ್ತೈತಿ. ಮೇನ್ 225 ಇದ್ರ ಔಟ್‌ಪುಟ್ 225, ಮೇನ್ 255 ಇದ್ರ ಔಟ್‌ಪುಟ್ಟೂ 255. ಅದೊಂದು ಬಾಗಲ ಇದ್ದಂಗ, ತೆರದಿರೂ ತನಕ ಹೊರಗಿನ ಗಾಳಿ ಹೆಂಗೈತೋ ಹಂಗ ಒಳಗ ಬರ್ತೈತಿ, ಮುಚ್ಚಿದ ಮ್ಯಾಲೆ ಮಾತ್ರ ನಿಂದರ್ತೈತಿ. ಸ್ಟೆಬಿಲೈಜರ್ ಹಂಗ ಹೆಚ್ಚಿದ್ದನ್ನ ಇಳಿಸಿ ಕೊಡೂ ಕೆಲಸ ಇದರಾಗ ಇಲ್ಲ. ಕಂಪ್ಯೂಟರಿಗೆ ಹಚ್ಚೂ ಸಣ್ಣ ಯುಪಿಎಸ್ ಭಾಳಷ್ಟರಾಗ ಎವಿಆರ್ ಅಂತ ಇರ್ತೈತಿ, ಅದು ಒಂಚೂರು ಏರಿಸಿ ಇಳಿಸಿ ಕೊಡ್ತೈತಿ, ಹಂಗಾಗಿ ಎರಡೂ ಒಂದ ಅಂತ ತಿಳಕೋಬ್ಯಾಡ್ರಿ.

ಈ ಬಾಗಲ ಯಾವಾಗ ಮುಚ್ಚತೈತಿ ಅನ್ನೂದು ಹಿಂದಿರೂ ಒಂದು ಸಣ್ಣ ಸ್ವಿಚ್ ಮ್ಯಾಲೆ ಐತಿ. ಬಾಳಷ್ಟು ಇನ್ವರ್ಟರ್‌ನಾಗ ಎರಡು ಮೋಡ್ ಇರ್ತಾವ, ಒಂದು ಯುಪಿಎಸ್ ಮೋಡ್, ಇನ್ನೊಂದು ನಾರ್ಮಲ್ ಅಥವಾ ವೈಡ್ ಮೋಡ್. ಯುಪಿಎಸ್ ಮೋಡ್‌ನಾಗ ಸಾಮಾನ್ಯವಾಗಿ 180ರಿಂದ 260ರ ಆಸುಪಾಸು ಅಷ್ಟ ಒಪ್ಕೋತೈತಿ, ನಾರ್ಮಲ್ ಮೋಡ್‌ನಾಗ 100ರಿಂದ 280, 290ರ ತನಕನೂ ಒಪ್ಕೊಂಡು ಸುಮ್ನ ಒಳಗ ಬಿಟ್ಟ ಬಿಡ್ತೈತಿ. ನಿಮ್ಮ ಮಾಡೆಲ್‌ದು ಎಷ್ಟು ಅಂತ ಅದರ ಬುಕ್‌ನಾಗ ಬರದಿರ್ತಾರ, ತಗದು ನೋಡ್ರಿ. ಹಳ್ಳಿ ಕಡೆ, ನವಲಗುಂದ, ರೋಣ, ಶಿಗ್ಗಾವಿ ಅಂಥಾ ಕಡೆ ಹಗಲೊತ್ತು ಲೋ ವೋಲ್ಟೇಜ್ ಇರ್ತೈತಿ ಅಂತ ಹೇಳಿ ಇನ್ವರ್ಟರ್ ಕೂಡ್ಸೂ ಮುಂದ ನಾರ್ಮಲ್ ಮೋಡಿಗೆ ಹಾಕಿ ಹೋಗಿರ್ತಾರ, ಮನಿಯವ್ರಿಗೆ ಅಂಥಾದ್ದೊಂದು ಸ್ವಿಚ್ ಐತಿ ಅನ್ನೂದ ಗೊತ್ತಿರಂಗಿಲ್ಲ. ಲೋ ವೋಲ್ಟೇಜ್‌ನಾಗ ಫ್ಯಾನ್ ತಿರಗಲಿ ಅಂತ ಮಾಡಿದ್ದು ರಾತ್ರಿ 280 ಬಂದಾಗ ಟಿವಿ ಸುಡಾಕ ದಾರಿ ಮಾಡಿ ಕೊಡ್ತೈತಿ.

ಹಿಂದ ಬೈಪಾಸ್ ಸ್ವಿಚ್ ಒಂದು ಇರ್ತೈತಿ ಕೆಲವೊಂದರಾಗ, ಅದು ಹಾಕಿದ್ರಂತೂ ಯಾವ ಕಟ್ಟೂ ಇಲ್ಲ, ಮೇನ್ ನೇರ ಲೋಡಿಗೆ. ಇನ್ವರ್ಟರ್ ಕೆಟ್ಟಾಗ ಹಾಕಿದವ್ರು ರಿಪೇರಿ ಆದ ಮ್ಯಾಲೆ ಹೊಳ್ಳಿ ತಗ್ಯಾಕ ಮರತಿರ್ತಾರ. ಮೊದ್ಲು ಇದೊಂದು ನೋಡ್ರಿ, ಅರ್ಧ ನಿಮಿಷದ ಕೆಲಸ.

ಅಳತಿ ಇಲ್ದ ಮಾತಿಲ್ಲ

"ಕರೆಂಟ್ ಜಾಸ್ತಿ ಬರಾಕತ್ತೈತಿ" ಅಂತ ಬಲ್ಬ್ ನೋಡಿ ಹೇಳೂದು ಹಳೇ ಗುಂಡ್ ಬಲ್ಬಿನ ಕಾಲಕ್ಕ ನಡಿತಿತ್ತು, ಎಲ್‌ಇಡಿ ಬಲ್ಬ್ 180ಕ್ಕೂ 270ಕ್ಕೂ ಒಂದ ನಮೂನಿ ಉರಿತೈತಿ, ಮುಂದ ಒಂದಿನ ಫಟ್ ಅಂತೈತಿ. ಅದಕ್ಕ ಒಂದು ಮಲ್ಟಿಮೀಟರ್ ಬೇಕ, ಇಲ್ಲಾ ಸಾಕೆಟ್ಟಿಗೆ ಹಚ್ಚೂ ಡಿಜಿಟಲ್ ವೋಲ್ಟ್‌ಮೀಟರ್ ಆದ್ರೂ ಬೇಕು, ಅದನ್ನ ಗ್ವಾಡಿಗೆ ಹಚ್ಚಿ ಬಿಟ್ರ ಹೋಗ್ತ ಬರ್ತ ನೋಡಾಕ ಬರ್ತೈತಿ. ಮೀಟರ್ ಎಸಿ 600 ಅಥವಾ 750 ರೇಂಜಿನ್ಯಾಗ ಇಡ್ರಿ, ಕಾಲಾಗ ಚಪ್ಪಲ್ ಇರ್ಲಿ, ಪ್ರೋಬ್ ವಾಯರ್ ಹರದಿದ್ರ ಮುಟ್ಟಬ್ಯಾಡ್ರಿ, ಮೀಟರ್ ಬೋರ್ಡಿನ ಕಡೆ ಅಳಿಯೂದು ಬರಲಿಲ್ಲಂದ್ರ ಎಲೆಕ್ಟ್ರಿಶಿಯನ್ ಕರೀರಿ, ಅಲ್ಲಿ ಧೈರ್ಯ ತೋರಿಸೂದು ಬ್ಯಾಡ.

ಒಂದ ಸಲ ಅಳದ್ರ ಉಪಯೋಗಿಲ್ಲ. ಸಂಜಿ ಏಳಕ್ಕ, ರಾತ್ರಿ ಹನ್ನೊಂದಕ್ಕ, ಸಾಧ್ಯ ಆದ್ರ ರಾತ್ರಿ ಎರಡರ ಸುಮಾರಿಗೆ, ಮುಂಜಾನೆ ಆರಕ್ಕ, ಮಧ್ಯಾಹ್ನ ಒಂದಕ್ಕ, ಹಿಂಗ ಎರಡ್ಮೂರು ದಿನ ಬರದಿಡ್ರಿ. ಸ್ಟ್ಯಾಂಡರ್ಡ್ ಲೆಕ್ಕಕ್ಕ ಮನಿ ಕರೆಂಟ್ 230 ವೋಲ್ಟ್, ಶೇಕಡಾ 10 ಆಚಿ ಈಚಿ, ಅಂದ್ರ 207ರಿಂದ 253ರ ಒಳಗ ಇದ್ರ ಅದು ದೋಷ ಅಲ್ಲ. ರಾತ್ರಿ 248 ತೋರಿಸ್ತು ಅಂತ ಗಾಬರಿ ಆಗೂದೇನಿಲ್ಲ. 260 ದಾಟಿತು ಅಂದ್ರ ವಿಚಾರ ಮಾಡಬೇಕು, 275 ದಾಟಿತು ಅಂದ್ರ ಸಾಮಾನ ತಗದ ಇಡಬೇಕು.

ಯಾಕ ಅಂದ್ರ, ಟಿವಿ, ಮೊಬೈಲ್ ಚಾರ್ಜರ್, ರೌಟರ್ ಅಡಾಪ್ಟರ್, ಎಲ್‌ಇಡಿ ಡ್ರೈವರ್ ಇವುಗಳ ಒಳಗ ಮೊದ್ಲು ಎಸಿಯನ್ನ ಡಿಸಿ ಮಾಡಿ ಒಂದು ದೊಡ್ಡ ಕೆಪಾಸಿಟರ್‌ನಾಗ ತುಂಬ್ತಾರ. 230 ಎಸಿ ಅಂದ್ರ ಅದರ ಅಲೆಯ ತುದಿ (ಪೀಕ್) 325 ವೋಲ್ಟ್. ಕೆಪಾಸಿಟರ್ ಮ್ಯಾಲೆ ಭಾಳ ಸಲ 400 ವೋಲ್ಟ್ ಅಂತ ಬರದಿರ್ತೈತಿ. ಮೇನ್ 283 ಮುಟ್ಟಿದ್ರ ತುದಿ ಸರಿಯಾಗಿ 400 ಆಗ್ತೈತಿ, 290ಕ್ಕ 410. ಈಗ ನಾರ್ಮಲ್ ಮೋಡ್‌ನಾಗ 290ರ ತನಕ ಒಪ್ಕೊಳ್ಳೂ ಇನ್ವರ್ಟರ್ ಲೆಕ್ಕ ಹಾಕಿ ನೋಡ್ರಿ, ಅದು ಕಟ್ ಆಗೂದಕ್ಕಿಂತ ಮೊದ್ಲ ಕೆಪಾಸಿಟರ್ ತನ್ನ ಗೆರಿ ದಾಟಿರ್ತೈತಿ. ಸುಟ್ಟ ಬೋರ್ಡ್ ಬಿಚ್ಚಿದ್ರ ಕೆಪಾಸಿಟರ್ ತಲಿ ಉಬ್ಬಿರ್ತೈತಿ, ಇಲ್ಲಾ ಫ್ಯೂಸ್ ಬಾಜುಕ ಇರೂ ದುಂಡನ ಎಂಒವಿ (ಹೈ ವೋಲ್ಟೇಜ್ ಹೊಡತ ತಾನು ನುಂಗೂ ಸಣ್ಣ ಸಾಮಾನು) ಕರ್ರಗಾಗಿ ಒಡದಿರ್ತೈತಿ. ಎಂಒವಿ ಮ್ಯಾಲೆ 431 ಅಂತ ಇದ್ರ ಅದು 275 ವೋಲ್ಟ್ ಎಸಿ ತನಕದ್ದು, 471 ಅಂತ ಇದ್ರ 300ರ ತನಕದ್ದು. ಎಂಒವಿ ಒಡದು ಫ್ಯೂಸ್ ಹೋಗೈತಿ, ಬಾಕಿ ಎಲ್ಲಾ ಸರಿ ಐತಿ ಅಂದ್ರ ಖುಷಿ ಪಡ್ರಿ, ಅದು ತಾನು ಸತ್ತು ಬೋರ್ಡ್ ಉಳಿಸೈತಿ, ಆದ್ರ ಎಂಒವಿ ಹಾಕ್ದ ಬರೇ ಫ್ಯೂಸ್ ಬದ್ಲಿ ಮಾಡಿ ಕೊಟ್ರ ಅಂಥಾ ರಿಪೇರಿ ತಗೋಬ್ಯಾಡ್ರಿ, ಮುಂದಿನ ಸಲ ಹೊಡತ ನೇರ ಬೋರ್ಡಿಗೆ.

ಗೀಸರ್, ಇಸ್ತ್ರಿ ಪೆಟ್ಟಿಗಿ ಥರದ್ದು ವೋಲ್ಟೇಜಿನ ವರ್ಗದ ಲೆಕ್ಕದಾಗ ಬಿಸಿ ಆಗ್ತಾವ, 270 ಬಂದ್ರ ಶೇಕಡಾ 38ರಷ್ಟು ಹೆಚ್ಚು ಕಾವು. ಫ್ರಿಜ್ ಕಂಪ್ರೆಸರ್ ಗುಂಯ್ ಅನ್ನೂ ಸಪ್ಪಳ ಜಾಸ್ತಿ ಮಾಡ್ತೈತಿ, ಬಿಸಿ ಆಗಿ ಓವರ್‌ಲೋಡ್ ಕಟ್ ಆಗ್ತೈತಿ, ಸ್ವಲ್ಪೊತ್ತಿಗೆ ಮತ್ತ ಚಾಲೂ ಆಗ್ತೈತಿ. ಇದ ನಡದ್ರ ವೈಂಡಿಂಗ್ ಹೋಗ್ತೈತಿ.

ಮೀಟರಿನ ಒಂದು ಮೋಸ

ಇನ್ವರ್ಟರ್ ಬ್ಯಾಟರಿ ಮ್ಯಾಲೆ ಓಡೂವಾಗ ಔಟ್‌ಪುಟ್ ಅಳದು "ಅಯ್ಯ ಇದ 245 ಕೊಡಾಕತ್ತೈತಿ, ಇನ್ವರ್ಟರ್ರ ಹೈ ವೋಲ್ಟೇಜ್ ಕೊಡ್ತೈತಿ" ಅನ್ನೂರು ಅದಾರ. ಸೈನ್ ವೇವ್ ಇನ್ವರ್ಟರ್ (ಮೇನ್ ಹಂಗ ನುಣುಪು ಅಲೆ ಕೊಡೂದು) ಇದ್ರ ಆ ಮಾತು ಖರೇ ಇರಬಹುದು, ಒಳಗಿನ ಫೀಡ್‌ಬ್ಯಾಕ್ ಕೆಟ್ಟಿರಬಹುದು, ರಿಪೇರಿಗೆ ಕೊಡ್ರಿ. ಆದ್ರ ಹಳೇ ಸ್ಕ್ವೇರ್ ವೇವ್ (ಚೌಕ ಅಲೆ) ಇನ್ವರ್ಟರ್ ಇದ್ರ ಸೋವಿ ಮೀಟರ್ ತಪ್ಪು ಹೇಳ್ತೈತಿ. ಆ ಮೀಟರ್ ಸೈನ್ ವೇವ್ ಅಂತನ ತಿಳಕೊಂಡು ಸರಾಸರಿನ್ನ 1.11ಕ್ಕ ಗುಣಿಸಿ ತೋರಿಸ್ತೈತಿ, ಖರೇ 220 ಇದ್ದದ್ದು 244 ಕಾಣಿಸ್ತೈತಿ. ಟ್ರೂ ಆರ್‌ಎಂಎಸ್ ಅಂತ ಬರದಿರೂ ಮೀಟರ್ ತಂದು ಅಳೀರಿ, ಅದಾದ ಮ್ಯಾಲೆ ಇನ್ವರ್ಟರಿಗೆ ಬೈರಿ.

ಯಾವ ಥರದ ಹೈ ವೋಲ್ಟೇಜ್

ಇಲ್ಲೆ ಸ್ವಲ್ಪ ನಿಧಾನಕ್ಕ ಓದ್ರಿ, ಯಾಕಂದ್ರ ಮುಂದ ಏನ್ ಮಾಡಬೇಕು ಅನ್ನೂದು ಪೂರಾ ಇದರ ಮ್ಯಾಲೆ ನಿಂತೈತಿ.

ಮೊದಲನೇ ಥರ, ರಾತ್ರಿ ನಿಧಾನಕ್ಕ ಏರಿ ಮುಂಜಾನೆ ನಿಧಾನಕ್ಕ ಇಳಿಯೂದು. ನಮ್ಮ ಟಿಸಿಗಳು (ಓಣಿಗೆ ಕರೆಂಟ್ ಕೊಡೂ ಟ್ರಾನ್ಸ್‌ಫಾರ್ಮರ್) 11 ಕೆವಿಯನ್ನ 433 ವೋಲ್ಟಿಗೆ ಇಳಸ್ತಾವ, 433 ಅಂದ್ರ ಒಂದು ಫೇಸಿಗೆ 250. ಲೋಡ್ ಇಲ್ದಾಗ ಟಿಸಿ ಬುಡಕ 250 ಇರೂದು ಅದರ ಹುಟ್ಟುಗುಣ. ಹಗಲೊತ್ತು ಪಂಪ್‌ಸೆಟ್, ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಬೆಟಗೇರಿ ಕಡೆ ಮಗ್ಗ, ಇವೆಲ್ಲಾ ಎಳಿಯೂ ಮುಂದ ವಾಯರಿನ್ಯಾಗ ಇಳದು ನಿಮಗ 210, 220 ಮುಟ್ಟತೈತಿ, ರಾತ್ರಿ ಎಲ್ಲಾ ಬಂದ್ ಆದ ಮ್ಯಾಲೆ ಎಳಿಯೂರ ಇಲ್ಲ, 11 ಕೆವಿ ಲೈನೂ ಸ್ವಲ್ಪ ಏರಿರ್ತೈತಿ, ಹಂಗಾಗಿ ಟಿಸಿ ಹತ್ರ ಮನಿ ಇದ್ದವ್ರಿಗೆ 255, 262 ಹಿಂಗ ಬರ್ತೈತಿ. ಹಗಲು ಲೋ ವೋಲ್ಟೇಜ್ ಅಂತ ಯಾರರ ಟಿಸಿ ಟ್ಯಾಪ್ (ಅದು ಕೊಡೂ ವೋಲ್ಟೇಜ್ ಹೆಚ್ಚು ಕಡಿಮಿ ಮಾಡೂ ವ್ಯವಸ್ಥಾ) ಏರಿಸಿ ಇಟ್ಟಿದ್ರ ರಾತ್ರಿ ಇನ್ನೂ ಹೆಚ್ಚು. ಗುರ್ತು ಏನಂದ್ರ ಮೂರೂ ಫೇಸ್ ಹೆಚ್ಚು ಕಡಿಮಿ ಕೂಡೇ ಏರ್ತಾವ, ನಿಮ್ಮ ಮನ್ಯಾಗ ಇಸ್ತ್ರಿ ಪೆಟ್ಟಿಗಿ ಹಚ್ಚಿದ್ರ ಎರಡ್ಮೂರು ವೋಲ್ಟ್ ಇಳಿತೈತಿ, ಜಿಗದಾಡೂದಿಲ್ಲ.

ಈಗೀಗ ಮಧ್ಯಾಹ್ನ ಏರೂದೂ ಸುರು ಆಗೈತಿ. ಓಣ್ಯಾಗ ನಾಕೈದು ಮನಿ ಮ್ಯಾಲೆ ಸೋಲಾರ್ ಹಾಕಿ ಲೈನಿಗೆ ಕರೆಂಟ್ ಕೊಡಾಕತ್ತಿದ್ರ ಬಿಸಲು ಜೋರ್ ಇದ್ದಾಗ ಅಲ್ಲಿ ವೋಲ್ಟೇಜ್ ಏರ್ತೈತಿ. ಸೋಲಾರ್ ಇದ್ದವ್ರನ್ನ ಕೇಳ್ರಿ, ಅವ್ರ ಮಷಿನ್ ಗ್ರಿಡ್ ಓವರ್ ವೋಲ್ಟೇಜ್ ಅಂತ ಟ್ರಿಪ್ ಆಗಾಕತ್ತಿದ್ರ ನಿಮ್ಮ ಅನುಮಾನ ಸರಿ.

ಎರಡನೇ ಥರ ನ್ಯೂಟ್ರಲ್ (ಕರೆಂಟ್ ಹೊಳ್ಳಿ ಹೋಗೂ ವಾಯರ್) ಸಡ್ಲ ಆಗೂದು ಇಲ್ಲಾ ಹರಿಯೂದು, ಇದು ಭಾಳ ಕೆಟ್ಟದ್ದು. ನ್ಯೂಟ್ರಲ್ ಗಟ್ಟಿ ಇರೂ ತನಕ ಮೂರೂ ಫೇಸ್ ತಮ್ಮ ತಮ್ಮ 230 ಹಿಡಕೊಂಡು ಇರ್ತಾವ. ಅದು ಟಿಸಿ ಹತ್ರನೋ ಕಂಬದ ಮ್ಯಾಲೋ ಹೋತು ಅಂದ್ರ ಯಾವ ಫೇಸಿನ್ಯಾಗ ಲೋಡ್ ಹೆಚ್ಚೈತೋ ಅಲ್ಲಿ ವೋಲ್ಟೇಜ್ ಬೀಳ್ತೈತಿ, ಲೋಡ್ ಕಡಿಮಿ ಇರೂ ಫೇಸಿನ್ಯಾಗ 300, 350, ಕಡೀಕ 400ರ ಹತ್ರನೂ ಹೋಗ್ತೈತಿ. ಬಾಜು ಮನ್ಯಾಗ ಲೈಟ್ ಡಿಮ್, ನಿಮ್ಮ ಮನ್ಯಾಗ ಫ್ಯಾನ್ ಹುಚ್ಚು ಹಿಡದಂಗ ತಿರಗಾಕತ್ತೈತಿ ಅಂದ್ರ ಇದ. ಗುರ್ತು ಹಿಡಿಯೂದು ಹಿಂಗ. ತ್ರೀಫೇಸ್ ಮೀಟರ್ ಇದ್ದವ್ರು ಮೂರೂ ಫೇಸ್ ನ್ಯೂಟ್ರಲ್‌ಗೆ ಅಳೀರಿ, ಒಂದು 160, ಇನ್ನೊಂದು 280 ಹಿಂಗ ಬಂದ್ರ ನ್ಯೂಟ್ರಲ್ ಮ್ಯಾಲೆ ಕಣ್ಣು ಇಡ್ರಿ. ಒಂದು ಫೇಸಿನ್ಯಾಗ ಇಸ್ತ್ರಿ ಪೆಟ್ಟಿಗಿ ಹಚ್ಚಿದ್ರ ಆ ಫೇಸ್ ಬಿದ್ದು ಉಳದ ಫೇಸ್ ಏರ್ತಾವೇನ್ ನೋಡ್ರಿ, ಏರಿದ್ರ ಮತ್ತೊಂದು ಪರೀಕ್ಷಾ ಬೇಕಾಗಿಲ್ಲ. ಆದ್ರ ಈ ಇಸ್ತ್ರಿ ಪರೀಕ್ಷಾ ವೋಲ್ಟೇಜ್ ಸಾಧಾರಣ ಇದ್ದಾಗ, ಫ್ರಿಜ್ ಟಿವಿ ಪ್ಲಗ್ ಎಲ್ಲಾ ತಗದ ಮ್ಯಾಲೆ ಮಾಡ್ರಿ, ಮೊದ್ಲ 300 ತೋರಿಸಾಕತ್ತಿದ್ರ ಪರೀಕ್ಷಾ ಬ್ಯಾಡ, ಮೇನ್ ಬಂದ್.

ಸಿಂಗಲ್ ಫೇಸ್ ಮನ್ಯಾಗ ನಿಮ್ಮ ಕೈಯಾಗ ಬ್ಯಾರೆ ಫೇಸ್ ಇಲ್ಲ, ಅಲ್ಲಿ ನ್ಯೂಟ್ರಲ್ ಮತ್ತ ಅರ್ಥಿಂಗ್ ನಡುವ ಅಳೀರಿ. ಒಂದೆರಡು ವೋಲ್ಟ್ ಇರೂದು ಸಹಜ, 20, 30 ದಾಟಿತು ಅಂದ್ರ ನ್ಯೂಟ್ರಲ್ ಕೆಟ್ಟಿರಬೇಕು ಇಲ್ಲಾ ನಿಮ್ಮ ಅರ್ಥಿಂಗ್ ಸತ್ತಿರಬೇಕು. ನಮ್ಮ ಎರಿ ಭೂಮಿ ಊರಾಗ ಬ್ಯಾಸಿಗ್ಯಾಗ ನೆಲ ಬಿರುಕು ಬಿಟ್ಟು ಅರ್ಥಿಂಗ್ ರಾಡ್ ಮಣ್ಣಿನಿಂದ ಬಿಟ್ಟಂಗ ಆಗಿರ್ತೈತಿ, ಅಣ್ಣಿಗೇರಿ, ನವಲಗುಂದ ಸುತ್ತ ಇದು ಭಾಳ. ಮೊದ್ಲು ಅರ್ಥ್ ಗುಂಡಿಗೆ ನಾಕು ಕೊಡ ನೀರು ಹಾಕಿ ಒಂದು ತಾಸು ಬಿಟ್ಟು ಹೊಳ್ಳಿ ಅಳೀರಿ, ಆಗ ಲೆಕ್ಕ ಚೊಕ್ಕ ಆಗ್ತೈತಿ.

ನ್ಯೂಟ್ರಲ್ ತಪ್ಪು ಕೆಲವು ಸಲ ನಿಮ್ಮ ಮನಿ ಬೋರ್ಡಿನ್ಯಾಗನ ಇರ್ತೈತಿ. ತ್ರೀಫೇಸ್ ಮನ್ಯಾಗ ನ್ಯೂಟ್ರಲ್ ಲಿಂಕಿನ ಸ್ಕ್ರೂ ಸಡ್ಲ ಆಗಿ ಕರ್ರಗಾಗಿ ಪ್ಲಾಸ್ಟಿಕ್ ಕರಗಿದ ವಾಸನಿ ಬರ್ತಿರ್ತೈತಿ. ಬಾಜು ಮನ್ಯಾಗ ಎಲ್ಲಾ ಸರಿ ಐತಿ, ನಿಮ್ಮಲ್ಲಿ ಅಷ್ಟ ಏರಿಳತ ಅಂದ್ರ ಕಂಬ ಹತ್ತೂದಕ್ಕಿಂತ ಮೊದ್ಲು ಎಲೆಕ್ಟ್ರಿಶಿಯನ್‌ಗೆ ಮೇನ್ ಬಂದ್ ಮಾಡಿಸಿ ಬೋರ್ಡ್ ಬಿಚ್ಚಿಸ್ರಿ.

ಇನ್ನೊಂದು ಥರ ಐತಿ, ಲೈನ್ ಕೆಲಸ ಆದ ಮ್ಯಾಲೆ ಫೇಸ್, ನ್ಯೂಟ್ರಲ್ ಅದಲು ಬದಲು ಜೋಡಿಸಿ ಎರಡು ಫೇಸ್ ಒಳಗ ಬರೂದು. ಆಗ ಸೀದಾ 415 ಬರ್ತೈತಿ. ಟಿಸಿ ಬದ್ಲಿ ಮಾಡಿದ ದಿನ, ಕಂಬ ಬಿದ್ದು ಹೊಳ್ಳಿ ನಿಲ್ಲಿಸಿದ ದಿನ, ಮೇನ್ ಬಂದ್ ಇಟ್ಟು ಮೀಟರ್ ಕಡೆ ಅಳದ ಮ್ಯಾಲೆ ಹಚ್ಚೂ ರೂಢಿ ಇಟ್ಕೋರಿ.

ಇನ್ವರ್ಟರ್ ಯಾವುದಕ್ಕ ನಡಿತೈತಿ

ಮೊದಲನೇ ಥರ, ಅಂದ್ರ ತಾಸ ಎರಡು ತಾಸು 265, 270 ಬಂದು ಹೋಗೂದು, ಇದಕ್ಕ ಯುಪಿಎಸ್ ಮೋಡಿಗೆ ಹಾಕಿದ ಇನ್ವರ್ಟರ್ ಚೊಲೋ ಕೆಲಸ ಮಾಡ್ತೈತಿ. ಅದು ಕಟ್ ಆಗಿ ಬ್ಯಾಟರಿ ಮ್ಯಾಲೆ 220, 230 ಶುದ್ಧ ಕೊಡ್ತೈತಿ, ಟಿವಿ ರೌಟರ್ ಆರಾಮ. ಆದ್ರ ರಾತ್ರಿ ಪೂರ್ತಿ ಹಂಗ ಇದ್ರ ಬ್ಯಾಟರಿ ಲೆಕ್ಕ ಹಾಕ್ರಿ. 12 ವೋಲ್ಟ್ 150 ಎಎಚ್ ಬ್ಯಾಟರಿ ಕಾಗದದ ಮ್ಯಾಲೆ 1800 ವ್ಯಾಟ್ ಅವರ್, ಇನ್ವರ್ಟರ್ ತಿನ್ನೂದು, ಪೂರಾ ಖಾಲಿ ಮಾಡಬಾರದು ಅನ್ನೂದು ಎಲ್ಲಾ ತಗದ್ರ ಕೈಗೆ ಸಿಗೂದು ಸುಮಾರು 1100. ಎರಡು ಫ್ಯಾನ್, ಎರಡು ಲೈಟ್, ರೌಟರ್ ಸೇರಿ 170 ವ್ಯಾಟ್ ಅಂದ್ರ ಆರೂವರಿ ತಾಸು. ಅದರಾಗ ಫ್ರಿಜ್ ಹಾಕಿದ್ರ ನಾಕೂವರಿಗೆ ಬಂದು ನಿಂದರ್ತೈತಿ. ಹನ್ನೊಂದಕ್ಕ ಏರಿದ ವೋಲ್ಟೇಜ್ ಆರಕ್ಕ ಇಳಿಯೂದು ಅಂದ್ರ ಏಳು ತಾಸು, ಅದಕ್ಕ ನಸುಕಿನ್ಯಾಗ ಒದರ್ತೈತಿ. ಖಾಲಿ ಆದ ಬ್ಯಾಟರಿ ತುಂಬಾಕ ಹತ್ತು ಹನ್ನೆರಡು ತಾಸು ಬೇಕು, ಹಗಲು ಮತ್ತ ಕರೆಂಟ್ ತಗದ್ರ ಅದು ಎಂದೂ ಪೂರಾ ತುಂಬೂದಿಲ್ಲ, ಒಳಗ ಪ್ಲೇಟ್ ಮ್ಯಾಲೆ ಸಲ್ಫೇಟ್ ಕುಂತು ಚೊಲೋ ಬ್ಯಾಟರಿನೂ ಒಂದೆರಡು ವರ್ಷಕ್ಕ ಮುಗಿತೈತಿ. ಟಿವಿ ಉಳಿಸಾಕ ಹೋಗಿ ಬ್ಯಾಟರಿ ಕಳಕೊಂಡಂಗ ಆತು.

ವೋಲ್ಟೇಜ್ ಸರಿಯಾಗಿ ಕಟ್ ಗೆರಿ ಮ್ಯಾಲೆ ನಿಂತ್ರ ಇನ್ನೊಂದು ಕಾಟ, ಇನ್ವರ್ಟರ್ ಖಟ್ ಖಟ್ ಅಂತ ಮೇನಿಗೆ ಹೋಗೂದು ಬ್ಯಾಟರಿಗೆ ಬರೂದು, ರಿಲೇ ಪಾಯಿಂಟ್ ಸುಟ್ಟು ಅಂಟಿಕೋತಾವ. ಹಂಗ ಅಂಟಿದ್ರ ಕರೆಂಟ್ ಹೊಳ್ಳಿ ಬಂದಾಗ ಇನ್ವರ್ಟರ್ ಫಟ್ ಅಂತ ಟ್ರಿಪ್ ಆಗ್ತೈತಿ, ಇಲ್ಲಾ ಫ್ಯೂಸ್ ಒಗಿತೈತಿ. ಬರೇ ಫ್ಯೂಸ್ ಬದ್ಲಿ ಮಾಡ್ತ ಕುಂದ್ರಬ್ಯಾಡ್ರಿ, ರಿಲೇ ನೋಡಿಸ್ರಿ, ಅಂಟಿದ ರಿಲೇ ಇನ್ವರ್ಟರ್ ಕರೆಂಟನ್ನ ಹೊರಗಿನ ಲೈನಿಗೂ ಕಳಸಬಹುದು, ಕಂಬದ ಮ್ಯಾಲೆ ಇದ್ದ ಲೈನ್‌ಮನ್ ಜೀವಕ್ಕ ಬರ್ತೈತಿ.

ನ್ಯೂಟ್ರಲ್ ಹೋಗಿ 350 ಬಂದಾಗ ಬರೇ ಇನ್ವರ್ಟರ್ ನಂಬಬಾರದು. ಅದು ಕಟ್ ಆದ್ರೂ ಅದರ ಸೆನ್ಸಿಂಗ್ ಸರ್ಕ್ಯೂಟ್, ಎಂಒವಿ ಲೈನಿಗೆ ಹತ್ತಿಕೊಂಡ ಇರ್ತಾವ, ಮೊದ್ಲು ಇನ್ವರ್ಟರ್ರ ಸುಡ್ತೈತಿ. ಮತ್ತ ಇನ್ವರ್ಟರ್ ಲೈನಿನ್ಯಾಗ ಇಲ್ಲದ ಗೀಸರ್, ಎಸಿ, ಮೋಟರ್ ಇವುಕ್ಕೆಲ್ಲಾ ಅದರ ನೆರಳೂ ಬೀಳೂದಿಲ್ಲ. ಯಾವ ಪಾಯಿಂಟ್ ಖರೇನ ಇನ್ವರ್ಟರ್ ಮ್ಯಾಲೆ ಅದಾವ ಅಂತ ತಿಳೀಬೇಕಂದ್ರ ಮೇನ್ ಬಂದ್ ಮಾಡಿ ಮನಿ ಸುತ್ತ ಅಡ್ಡಾಡಿ ಒಂದೊಂದು ಸಾಕೆಟ್ ನೋಡ್ರಿ, "ಇನ್ವರ್ಟರ್ ಇದ್ರೂ ಟಿವಿ ಸುಟ್ಟಿತು" ಅನ್ನೂ ಎಷ್ಟೋ ಮನ್ಯಾಗ ಟಿವಿ ಪಾಯಿಂಟ್ ಮೇನ್ ಲೈನಿಗೇ ಇರ್ತೈತಿ. ಸಿಡಿಲಿನ ಹೊಡತಕ್ಕಂತೂ ಇನ್ವರ್ಟರ್ ಮುಟ್ಟೂದ ಇಲ್ಲ, ರಿಲೇ ತಿರಗಾಕ ಒಂದೆರಡು ಸೈಕಲ್ಲಾದ್ರೂ ಬೇಕು, ಸಿಡಿಲಿನ ಸ್ಪೈಕ್ ಅಷ್ಟರಾಗ ಬಂದು ಹೋಗಿರ್ತೈತಿ. ಅದಕ್ಕ ಮೇನ್ ಬೋರ್ಡಿಗೆ ಎಸ್‌ಪಿಡಿ (ಸಿಡಿಲಿನ ಹೊಡತ ನೆಲಕ್ಕ ಇಳಿಸೂ ಸಾಧನ), ಚೊಲೋ ಅರ್ಥಿಂಗ್, ಗುಡುಗು ಸುರು ಆದ ಕೂಡ್ಲೆ ಪ್ಲಗ್ ತಗಿಯೂದು, ಇವ ದಾರಿ.

ಹಂಗಾದ್ರ ಜೋಡಿಸೂದು ಹೆಂಗ

ನನ್ನ ಮಾತು ಕೇಳೂದಾದ್ರ ಮೇನ್ ಎಂಸಿಬಿ ಆದ ಮ್ಯಾಲೆ, ಇನ್ವರ್ಟರಿಗೆ ಹೋಗೂದಕ್ಕಿಂತ ಮೊದ್ಲು, ಒಂದು ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸ್ರಿ, ಹೈ-ಲೋ ಕಟಾಫ್ ಅಂತಾರಲ್ಲ ಅದು, ಎಂಸಿಬಿ ಬಾಜುಕ ಅದ ಪಟ್ಟಿ ಮ್ಯಾಲೆ ಕುಂದರ್ತೈತಿ, ಮುಂದ ನಂಬರ್ ತೋರಿಸ್ತೈತಿ. ಇದರ ಹೈ ಕಟ್ ಇನ್ವರ್ಟರಿನ ಕಟ್‌ಗಿಂತ ಐದಾರು ವೋಲ್ಟ್ ಕೆಳಗ ಇಡ್ರಿ, ಹೊಳ್ಳಿ ಹಚ್ಚೂ ಡಿಲೇ ಎರಡ್ಮೂರು ನಿಮಿಷ ಇಡ್ರಿ. ಆಗ ಹೈ ವೋಲ್ಟೇಜ್ ಬಂದ್ರ ಇನ್ವರ್ಟರಿಗೆ ಅದು ಸಾದಾ ಕರೆಂಟ್ ಹೋದಂಗ ಕಾಣಿಸ್ತೈತಿ, ಅದರ ಮೈಯೂ ಲೈನಿನಿಂದ ಬಿಟ್ಟಿರ್ತೈತಿ, ಖಟ್ ಖಟ್ ಕಾಟ ಇಲ್ಲ, ಫ್ರಿಜ್ ಕಂಪ್ರೆಸರಿಗೂ ಉಸಿರು ಬಿಡಾಕ ಟೈಮ್ ಸಿಗ್ತೈತಿ. ಮನಿ ಪೂರ್ತಿ ಇದರ ಹಿಂದ ಬರೂವಂಗ ಹಾಕಿಸಿದ್ರ ಗೀಸರ್, ಮೋಟರೂ ಉಳಿತಾವ, ಆಂಪಿಯರ್ ಅದಕ್ಕ ತಕ್ಕಂಗ ತಗೋರಿ. ತಗೊಳ್ಳೂ ಮುಂದ ಡಬ್ಬಿ ಮ್ಯಾಲೆ ಅದು ಎಷ್ಟು ವೋಲ್ಟ್ ತಡಿತೈತಿ ಅಂತ ನೋಡ್ರಿ, 415 ಬಂದ್ರೂ ತಾನು ಸುಡದಂಥಾದ್ದು ಬೇಕು. ತ್ರೀಫೇಸ್ ಮನಿಗೆ ಮೂರೂ ಫೇಸ್ ನೋಡೂ, ನ್ಯೂಟ್ರಲ್ ಹೋದ್ರ ಬೀಳೂ ಮಾಡೆಲ್ ಬ್ಯಾರೆ ಸಿಗ್ತೈತಿ, ಅದನ್ನ ಕೇಳ್ರಿ.

ಇನ್ವರ್ಟರಿನ ಖರೇ ಕಟ್ ಎಷ್ಟು ಅಂತ ತಿಳೀಬೇಕಂದ್ರ ರಿಪೇರಿ ಅಂಗಡ್ಯಾಗ ಡಿಮ್ಮರ್‌ಸ್ಟಾಟ್ ಇರ್ತೈತಿ, ಅದರ ಮ್ಯಾಲೆ ಹಚ್ಚಿ 230ರಿಂದ ನಿಧಾನಕ್ಕ ಏರಿಸ್ತಾ ಹೋಗೂದು, ಎಲ್ಲಿ ಖಟ್ ಅಂತೋ ಅದು ಕಟ್, ಹೊಳ್ಳಿ ಇಳಿಸ್ತಾ ಬಂದು ಎಲ್ಲಿ ಮೇನಿಗೆ ಬಂತೋ ಅದು ರಿಟರ್ನ್. ಟೆಸ್ಟ್ ಮಾಡೂ ಮುಂದ ಲೋಡಿಗೆ ಟಿವಿ ಇಡಬಾರದು, ಒಂದು ಗುಂಡ್ ಬಲ್ಬ್ ಸಾಕು. ಬುಕ್‌ನಾಗ 260 ಅಂತ ಬರದಿದ್ದು ಹಳೇ ಮಷಿನ್‌ನಾಗ 272ಕ್ಕ ಹೋಗಿರಬಹುದು, ಪ್ರಿಸೆಟ್ (ಒಳಗಿನ ಸಣ್ಣ ತಿರುಗಣಿ) ತಿರಿಗಿಸಿ ಸರಿ ಮಾಡ್ತಾರ ಇಲ್ಲಾ ಆಗೂದಿಲ್ಲ ಅಂತ ಹೇಳ್ತಾರ.

ಹಗಲು 165, ರಾತ್ರಿ 268, ಎರಡೂ ಇರೂ ಊರಿಗೆ ಬರೇ ಕಟಾಫ್ ಸಾಲೂದಿಲ್ಲ, ಹಾಕಿದ್ರ ದಿನಾ ಅರ್ಧ ಹೊತ್ತು ಬ್ಯಾಟರಿ ಮ್ಯಾಲೆ ಕಳಿಬೇಕಾಗ್ತೈತಿ. ಅಲ್ಲಿ ಸ್ಟೆಬಿಲೈಜರ್ ಬೇಕು, ಅದೂ ಏರಿಸೂದರ ಜೋಡಿ ಇಳಿಸೂದೂ ಇರೂವಂಥಾದ್ದು, ಸೋವಿದು ಭಾಳಷ್ಟು ಬರೇ ಏರಿಸ್ತಾವ, 260 ಬಂದ್ರ ಸುಮ್ನ ಬಿಟ್ಟು ಕೊಡ್ತಾವ. ಅದನ್ನ ಮೇನ್ ಮತ್ತ ಇನ್ವರ್ಟರಿನ ನಡುವ ಹಾಕ್ರಿ, ಇನ್ವರ್ಟರ್ ಆದ ಮ್ಯಾಲೆ ಹಾಕಿದ್ರ ಬ್ಯಾಟರಿ ಮ್ಯಾಲೆ ಓಡೂವಾಗ ಅದೂ ಸುಮ್ನ ಕರೆಂಟ್ ತಿಂತೈತಿ, ಸ್ಕ್ವೇರ್ ವೇವ್ ಇದ್ರ ಟ್ರಾನ್ಸ್‌ಫಾರ್ಮರ್ ಗುರ್ ಅಂತ ಬಿಸಿ ಆಗ್ತೈತಿ. ಲೋಡ್ ಜೋಡಿ ಬ್ಯಾಟರಿ ಚಾರ್ಜಿಂಗೂ ಲೆಕ್ಕಕ್ಕ ಹಿಡದು ಸೈಜ್ ತಗೋರಿ. ಲ್ಯಾಬ್, ದವಾಖಾನಿ ಮಷಿನ್ ಥರದ್ದು ಇದ್ರ ಇವ್ಯಾವೂ ಬ್ಯಾಡ, ಸದಾ ಬ್ಯಾಟರಿ ದಾರಿಯಿಂದನ ಹೊಸಾ ಕರೆಂಟ್ ಮಾಡಿ ಕೊಡೂ ಆನ್‌ಲೈನ್ ಯುಪಿಎಸ್ ಹಾಕ್ರಿ, ರೇಟ್ ಜಾಸ್ತಿ, ಆದ್ರ ಕೆಲಸ ಗಟ್ಟಿ.

ಕಂಪ್ಲೇಂಟ್ ಕೊಡೂದು ಮತ್ತ ಆಮ್ಯಾಲೆ

ಲೈನಿನ ತಪ್ಪು ಲೈನಿನ್ಯಾಗನ ಸರಿ ಆಗಬೇಕು. ನ್ಯೂಟ್ರಲ್ ಗುರ್ತು ಕಂಡ ಕೂಡ್ಲೆ ಮೇನ್ ಬಂದ್ ಮಾಡ್ರಿ, ಇನ್ವರ್ಟರ್ ಬ್ಯಾಟರಿ ಮ್ಯಾಲೆ ಲೈಟ್ ಫ್ಯಾನ್ ಅಷ್ಟ ಓಡಲಿ, ಬಾಜು ಮನಿಯವ್ರಿಗೂ ಕೂಗಿ ಹೇಳ್ರಿ, 1912ಕ್ಕ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೋರಿ. "ಕರೆಂಟ್ ಜಾಸ್ತಿ ಬರಾಕತ್ತೈತ್ರಿ" ಅಂದ್ರ ಸಂಜಿ ತನಕ ಯಾರೂ ಬರಲಿಕ್ಕಿಲ್ಲ, "ಒಂದು ಫೇಸ್ 150, ಇನ್ನೊಂದು 300, ನ್ಯೂಟ್ರಲ್ ಹೋಗೈತಿ, ಈ ಟಿಸಿ, ಇಂಥಾ ಕಂಬ" ಅಂತ ಹೇಳ್ರಿ, ಲೈನ್‌ಮನ್‌ಗೂ ಎಲ್ಲಿ ಹತ್ತಬೇಕು ಅಂತ ತಿಳಿತೈತಿ. ರಾತ್ರಿ ಏರೂ ಥರದ್ದಿದ್ರ ಬರದಿಟ್ಟ ನಂಬರ್ ಎಲ್ಲಾ ಟೈಮ್ ಸಮೇತ ಒಂದು ಅರ್ಜ್ಯಾಗ ಹಾಕಿ ಸೆಕ್ಷನ್ ಆಫೀಸಿಗೆ ಕೊಡ್ರಿ, ಓಣ್ಯಾಗಿನ ನಾಕು ಮನಿ ಸಹಿ ಇರ್ಲಿ, ಟ್ಯಾಪ್ ಬದ್ಲಿ ಮಾಡೂದು ಅವ್ರ ಕೈಯಾಗಿನ ಕೆಲಸ, ನಾವು ಯಾರೂ ಟಿಸಿ ಹತ್ರ ಹೋಗೂದಲ್ಲ.

ರಿಪೇರಿ ಆತು ಅಂತ ಹೇಳಿ ಹೋದ ಮ್ಯಾಲೆ ಒಮ್ಮೆಗೆ ಎಲ್ಲಾ ಹಚ್ಚಬ್ಯಾಡ್ರಿ. ಮೇನ್ ಬಂದ್ ಇದ್ದಾಗಲೇ ಮೀಟರ್ ಕಡೆ ಅಳೀರಿ, 415 ಇಲ್ಲ ಅಂತ ಖಾತ್ರಿ ಮಾಡ್ಕೋರಿ, ಮೇನ್ ಹಚ್ಚಿ ಮೊದ್ಲು ಒಂದು ಬಲ್ಬ್, ಆಮ್ಯಾಲೆ ಇಸ್ತ್ರಿ ಪೆಟ್ಟಿಗಿ. ಇಸ್ತ್ರಿ ಹಚ್ಚಿದಾಗ ಆ ಫೇಸ್ ಎರಡ್ಮೂರು ವೋಲ್ಟ್ ಅಷ್ಟ ಇಳದು, ಬ್ಯಾರೆ ಫೇಸ್ ಏರಲಿಲ್ಲ, ನ್ಯೂಟ್ರಲ್ ಅರ್ಥಿಂಗ್ ನಡುವ ಒಂದೆರಡು ವೋಲ್ಟ್ ಅಷ್ಟ ಐತಿ ಅಂದ್ರ ಇನ್ವರ್ಟರ್ ಮೇನಿಗೆ ಹಾಕ್ರಿ, ಹತ್ತು ನಿಮಿಷ ನೋಡ್ರಿ, ಕಡೀಕ ಫ್ರಿಜ್ ಟಿವಿ ಹಚ್ಚಿ, ಅವತ್ತ ರಾತ್ರಿ ಎರಡರ ಸುಮಾರಿಗೆ ಇನ್ನೊಮ್ಮೆ ಎದ್ದು ಮೀಟರ್ ನೋಡ್ರಿ.